ಮಾವನ ಕಾರಿನ ಗುಪ್ತ ಗಾನ

ಲೋಕದಲ್ಲಿ ಗಂಡಂದಿರಿಗೆ ಕಷ್ಟಗಳು ನೂರೆಂಟು ಇರಬಹುದು. ಆದರೆ ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವ ಕಷ್ಟ ಶತ್ರುವಿಗೂ ಬೇಡ ಎಂದು ನಮ್ಮ ಅಳಿಯರಾಯರು ಎದೆ ಮುಟ್ಟಿಕೊಂಡು ಹೇಳುತ್ತಾರೆ. (ಹೇಳುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ, ಅದು ಬೇರೆ ಮಾತು.)

ಅಳಿಯರಾಯರದು ಬೀದಿಯ ಮೂಲೆಯಲ್ಲಿ ಪರದೆ ಮತ್ತು ಸೋಫಾ ಬಟ್ಟೆಯ ಅಂಗಡಿ. ಸಂಸಾರ ಮಾವನ ಮನೆಯ ಮಹಡಿಯ ಮೇಲೆ. ಕೆಳಗಿನ ಮನೆಯಲ್ಲಿ ಮಾವ, ಮಾವನ ಪಕ್ಕದ ಶೆಡ್ಡಿನಲ್ಲಿ ಮಾವನ ಕಾರು. ಹೀಗೆ ಮೇಲೆ ಹೆಂಡತಿ, ಕೆಳಗೆ ಮಾವ, ನಡುವೆ ಮೆಟ್ಟಿಲ ಮೇಲೆ ತಾವು ಎಂಬಂತೆ ಅವರ ಬದುಕು ಸಾಗಿತ್ತು.

ಹೆಂಡತಿಯನ್ನು ಊರೆಲ್ಲ ‘ಮೇಡಂ’ ಅನ್ನುತ್ತದೆ. ಊರಿನ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಹೇಳಿಕೊಟ್ಟವಳು ಅವಳು. ಕಲಿಯುವವರ ಕಾರಿನಲ್ಲಿ ಮೇಡಂ ಕಾಲ ಕೆಳಗೆ ಬೇರೆಯೇ ಒಂದು ಬ್ರೇಕು ಇರುತ್ತದೆ. ಅದನ್ನು ಒತ್ತಿ ಒತ್ತಿ ಅಭ್ಯಾಸವಾದ ಬಲಗಾಲು ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ಟಿವಿಯಲ್ಲಿ ಯಾರಾದರೂ ಕಾರಿನಲ್ಲಿ ಕಳ್ಳನ ಬೆನ್ನು ಹತ್ತಿದರೆ ಸಾಕು, ಸೋಫಾದಲ್ಲಿ ಕೂತ ಮೇಡಂ ಧಪ್ ಧಪ್ ಎಂದು ನೆಲ ಒತ್ತುತ್ತಾಳೆ. ಸೋಫಾದ ಮುಂದಿನ ಜಮಖಾನೆ ಆ ಒಂದು ಜಾಗದಲ್ಲಿ ಸವೆದು ತೂತು ಬಿದ್ದಿದೆ. ಕೆಳಗಿನ ಮನೆಯಲ್ಲಿ ಮಾವ ಆ ಸದ್ದಿನಿಂದಲೇ ಸಿನಿಮಾ ಯಾವುದೆಂದು ಊಹಿಸುತ್ತಾರೆ.

ಇಂಥವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂತೆಗೆ ಹೋಗಿ ಬರುವುದೆಂದರೆ ಹೇಗಿರಬೇಡ?

“ಗೇರ್ ಬದಲಾಯಿಸಿ... ಬದಲಾಯಿಸಿ ಅಂದೆ. ಅಯ್ಯೋ, ಅದೇನು ಸೌಟಾ, ಹಾಗೆ ತಿರುವ್ತಿದ್ದೀರಲ್ಲ! ಕನ್ನಡಿ ನೋಡಿ.”

“ನೋಡ್ತಿದ್ದೀನಿ ಕಣೇ.”

“ಮುಖ ನೋಡ್ಕೊಳ್ಳೋಕಲ್ಲ ಅದು ಇರೋದು, ಹಿಂದೆ ಬರೋ ಲಾರಿ ನೋಡೋಕೆ. ಎಡಗಡೆ ಸೈಕಲ್. ಸೈಕಲ್ ರೀ! ಬ್ರೇಕ್!” ಧಪ್.

“ಅವನು ಫುಟ್‌ಪಾತ್ ಮೇಲೆ ನಿಂತಿದ್ದಾನೆ. ಸೈಕಲ್ಲಿಗೆ ಬೀಗ ಹಾಕಿದ್ದಾನೆ.”

“ಬೀಗ ತೆಗೆದ್ರೆ?”

ಅಳಿಯರಾಯರು ಬೀಗ ಹಾಕಿದ ಸೈಕಲ್ಲಿಗೂ ಒಂದು ಹಾರ್ನ್ ಹೊಡೆದು ಮುಂದೆ ಹೋದರು.

ಇನ್ನು ಕಾರಿನ ವಿಷಯ. ಅದು ಅರ್ಧ ಶತಮಾನಕ್ಕೂ ಹಳೆಯ ಕಾರು. ಕೆನೆ ಬಣ್ಣದ ಮೈ, ಗುಂಡು ಕಣ್ಣಿನಂಥ ದೀಪಗಳು, ಮುಂದೊಂದು ಹಿಂದೊಂದು ಸೋಫಾದಷ್ಟು ಉದ್ದದ ಸೀಟು. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು. ಅದು ರಸ್ತೆಗೆ ಇಳಿದರೆ ಹೊಸ ಕಾರಿನವರು ಸಹ ಕಿಟಕಿ ಇಳಿಸಿ ನೋಡುತ್ತಿದ್ದರು. ಇಷ್ಟೆಲ್ಲ ವೈಭವವಿದ್ದರೂ ಅದರಲ್ಲಿ ಒಂದು ಸಣ್ಣ ರೇಡಿಯೋ ಕೂಡ ಇರಲಿಲ್ಲ. ಆದ್ದರಿಂದ ಮೇಡಂ ದನಿಗೆ ಅಲ್ಲಿ ಪ್ರತಿಸ್ಪರ್ಧಿಯೇ ಇರಲಿಲ್ಲ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ನಿವೃತ್ತಿ ಆದದ್ದು ಸರ್ಕಾರದ ಮಟ್ಟಿಗೆ ಮಾತ್ರ. ಅಂಗಿಯ ಜೇಬಿನಲ್ಲಿ ಅಳತೆ ಟೇಪು ಈಗಲೂ ಇರುತ್ತದೆ. ಟೀಗೆ ಒಂದು ಚಮಚ ಸಕ್ಕರೆ ಅಂದರೆ ‘ಯಾವ ಚಮಚ?’ ಎಂದು ಕೇಳಿ, ಚಮಚ ತರಿಸಿ, ನೋಡಿ, ಒಪ್ಪಿಗೆ ಕೊಟ್ಟ ಮೇಲೆ ಟೀ. ಅವರು ಒಂದು ದಿನ ಅಳಿಯನನ್ನು ಶೆಡ್ಡಿಗೆ ಕರೆದರು.

“ಅಳಿಯಂದಿರೇ, ನಂಗೂ ವಯಸ್ಸಾಯ್ತು. ಕಾರು ನಿಮಗೇ ಕೊಡೋಣ ಅಂತಿದ್ದೀನಿ.”

ಅಳಿಯರಾಯರ ಕಾಲು ನೆಲದಿಂದ ಎರಡು ಬೆರಳು ಮೇಲೆ ಹೋಯಿತು. “ನನಗಾ? ನಿಮ್ಮ ಮಗಳಿಗಲ್ವಾ?”

“ಅವಳಿಗೆ ಕೊಟ್ರೆ ನಾಳೆ ಕಲಿಯೋರ ಕೈಗೆ ಹೋಗುತ್ತೆ. ಯಾರೋ ಬಂದು ಗೇರ್‌ಬಾಕ್ಸ್ ಅರೆದು ಹಿಟ್ಟು ಮಾಡ್ತಾರೆ. ನೀವೇ ಸರಿ. ಆದ್ರೆ ಒಂದು ಮಾತು. ನಾನು ದೊಡ್ಡ ಮಗಳ ಮನೆಗೆ ಹೋಗ್ತಿದ್ದೀನಿ. ಬರೋವರೆಗೆ ಕಾರು ನಿಮ್ಮ ಕೈಲಿರುತ್ತೆ. ಬಂದಾಗ ಹೇಗಿತ್ತೋ ಹಾಗೇ ಇರ್ಬೇಕು. ಒಂದು ತೂತು, ಒಂದು ಗುಂಡಿ, ಒಂದು ದೀಪ ಹೊಸದಾಗಿ ಕಂಡ್ರೆ ಕೀ ವಾಪಸ್ಸು. ಸರಿಯಾಗಿದ್ರೆ ಕಾಗದಪತ್ರ ಮಾರನೇ ದಿನವೇ ನಿಮ್ಮ ಹೆಸರಿಗೆ.”

“ಮಾವ, ಅದನ್ನ ನಾನು ಮುಟ್ಟೋದು ಸಹ ಬಟ್ಟೆ ಹಾಕ್ಕೊಂಡೇ” ಎಂದರು ಅಳಿಯರಾಯರು. ಕೈಗೆ ಬಟ್ಟೆ ಸುತ್ತಿಕೊಂಡು ಎಂದು ಹೇಳಬೇಕೆಂದಿದ್ದರು, ಸಂತೋಷದಲ್ಲಿ ಹಾಗಾಯಿತು.

ಮಾವ ಪೆಟ್ಟಿಗೆ ಹಿಡಿದು ಹೋದರು. ಅಂದು ಸಂಜೆಯೇ ಸಂತೆಯಿಂದ ಬರುವಾಗ ಮೇಡಂ ಒಂದೇ ತಿರುವಿನಲ್ಲಿ ಹನ್ನೊಂದು ತಪ್ಪು ಕಂಡುಹಿಡಿದಳು. ಆ ತಿರುವಿನಲ್ಲಿಯೇ ಅಳಿಯರಾಯರ ತಲೆಯಲ್ಲಿ ಆ ದಿವ್ಯ ಯೋಚನೆ ಹೊಳೆಯಿತು. ಈ ಕಾರಿನಲ್ಲಿ ಹಾಡು ಇರಬೇಕು. ಸಣ್ಣಪುಟ್ಟ ಹಾಡಲ್ಲ, ಮೈಯೆಲ್ಲ ನಡುಗುವಂಥ ಹಾಡು. ‘ಗೇರ್’ ಎಂದು ಅವಳ ಬಾಯಿ ತೆರೆದರೆ ತಮ್ಮ ಕಿವಿಗೆ ಮದ್ದಳೆ ಬೀಳಬೇಕು. ಹೊರಗೆ ಮಾತ್ರ ಮಾವನ ಟೇಪಿಗೂ ಸಿಗದಂತೆ ಇರಬೇಕು.

ಊರಾಚೆಯ ಗ್ಯಾರೇಜು ಬೀದಿಯಲ್ಲಿ ಕಾರುಗಳಿಗೆ ಸ್ಪೀಕರು ಕೂರಿಸುವವನೊಬ್ಬನಿದ್ದ. ಅಂಗಡಿಯ ಬೋರ್ಡಿನ ಮೇಲೆ ತನ್ನನ್ನು ತಾನೇ ‘ಸದ್ದು ಸಾಮ್ರಾಟ’ ಎಂದು ಬರೆಸಿಕೊಂಡಿದ್ದ. ದಿನವಿಡೀ ಸ್ಪೀಕರುಗಳ ನಡುವೆ ಇದ್ದು ಇದ್ದು, ಟೀ ತರಿಸುವುದನ್ನೂ ಅವನು ಯುದ್ಧ ಸಾರಿದ ಹಾಗೆ ಹೇಳುತ್ತಿದ್ದ.

“ತೂತು ಕೊರೆಯೋ ಹಾಗಿಲ್ಲ” ಎಂದರು ಅಳಿಯರಾಯರು.

“ಕೊರೆಯಲ್ಲ ಸಾರ್!”

“ಹೊಸ ಗುಂಡಿ, ವೈರು ಏನೂ ಕಾಣ್ಬಾರ್ದು.”

“ಕಾಣಲ್ಲ ಸಾರ್! ಇಟ್ಟ ಮೇಲೆ ನಾನೇ ಹುಡುಕಿದ್ರೂ ಸಿಗ್ಬಾರ್ದು, ಹಾಗಿಡ್ತೀನಿ. ಇರೋ ಗುಂಡಿಗಳಿಗೇ ಕೆಲಸ ಕೊಡೋಣ. ಕನ್ನಡಿ ಜಾಗದಲ್ಲಿ ಒಂದು ಟಿವಿ ಹಾಕ್ಬಿಡ್ಲಾ?”

“ಕನ್ನಡಿ ಬೇಕಲ್ಲಪ್ಪ!”

“ಹಿಂದೆ ಬರೋರನ್ನ ನೋಡಿ ನೀವೇನ್ ಮಾಡ್ತೀರಾ ಸಾರ್? ಅವರೇ ನಿಮ್ಮನ್ನ ನೋಡ್ಕೊಳ್ಳಲಿ.”

ಟಿವಿಯನ್ನು ಅಳಿಯರಾಯರು ಕಷ್ಟಪಟ್ಟು ಬೇಡವೆಂದರು. ಉಳಿದದ್ದೆಲ್ಲ ಸಾಮ್ರಾಟನ ಇಚ್ಛೆಯಂತೆ ನಡೆಯಿತು. ಮುಂದಿನ ಹಲಗೆಯಲ್ಲಿ, ಸಿಗರೇಟು ಸೇದುವವರಿಗಾಗಿ ಇದ್ದ ಆಶ್‌ಟ್ರೇ ಎಳೆದರೆ ಹಾಡು ಶುರು, ತಳ್ಳಿದರೆ ಬಂದ್. (ಮಾವ ಸಿಗರೇಟು ಸೇದುವವರಲ್ಲ, ಹಾಗಾಗಿ ಇದು ಅತ್ಯಂತ ಸುರಕ್ಷಿತ ಜಾಗವೆಂದು ಇಬ್ಬರೂ ತೀರ್ಮಾನಿಸಿದರು.) ಎಂಜಿನ್ ತಣ್ಣಗಿರುವಾಗ ಎಳೆಯುವ ಚೋಕ್ ಗುಂಡಿಯೇ ಸದ್ದು ಏರಿಸುವ ಗುಂಡಿ. ಎಷ್ಟು ಎಳೆದರೆ ಅಷ್ಟು ಸದ್ದು. ವೈಪರ್ ಗುಂಡಿ ತಿರುಗಿಸಿದರೆ ಮುಂದಿನ ಹಾಡು. ವೈಪರೂ ಆಡುತ್ತದೆ, ಹಾಡೂ ಬದಲಾಗುತ್ತದೆ. “ಎರಡು ಕೆಲಸಕ್ಕೆ ಒಂದೇ ಗುಂಡಿ ಸಾರ್!” ಎಂದು ಸಾಮ್ರಾಟ ಬೀಗಿದ.

ಬಾಗಿಲುಗಳ ಒಳಗೆ, ಕಾಲಿಡುವ ಹಲಗೆಯ ಹಿಂದೆ ಸ್ಪೀಕರುಗಳು ಅಡಗಿಕೊಂಡವು. ಧಂ ಧಂ ಎನ್ನುವ ದೊಡ್ಡ ಪೆಟ್ಟಿಗೆ ಹಿಂದಿನ ಸೀಟಿನ ಕೆಳಗೆ ಕೂತಿತು. ಅದಕ್ಕಾಗಿ ಸೀಟು ಎರಡು ಬೆರಳು ಎತ್ತರಿಸಬೇಕಾಯಿತು. ಹಳೆಯ ಬಟ್ಟೆ ಸಾಲದೆ ಬಂತು. ಆಗ ನೋಡಬೇಕಿತ್ತು ಅಳಿಯರಾಯರ ಕೈಚಳಕವನ್ನು! ತಮ್ಮ ಅಂಗಡಿಯ ಥಾನುಗಳನ್ನೆಲ್ಲ ಜಾಲಾಡಿ, ಅದೇ ಕೆಂಪು, ಅದೇ ನೇಯ್ಗೆ ಹುಡುಕಿ, ಅಷ್ಟು ವರ್ಷದ ಬಿಸಿಲು ಕಂಡ ಬಟ್ಟೆಯಂತೆ ಕಾಣಲೆಂದು ಅದನ್ನು ಟೀಯಲ್ಲಿ ಅದ್ದಿ ಒಣಗಿಸಿ, ತಾವೇ ಕೂತು ಹೊಲಿದರು. ಹೊಲಿಗೆ ಎಷ್ಟು ಚೆನ್ನಾಗಿ ಬಂತೆಂದರೆ ಅದನ್ನು ಯಾರಿಗೂ ತೋರಿಸುವ ಹಾಗಿಲ್ಲವಲ್ಲ ಎಂದು ಅವರಿಗೆ ನಿಜವಾಗಿ ಸಂಕಟವಾಯಿತು.

ಕೆಲಸ ಮುಗಿಸಿ ಕಾರನ್ನು ಶೆಡ್ಡಿಗೆ ತಂದು ನಿಲ್ಲಿಸಿದರು. ಭಾನುವಾರ ಮೇಡಂನ ಕೂರಿಸಿಕೊಂಡು ದೂರ ಹೋಗುವುದು, ಅವಳು ‘ಗೇರ್’ ಅಂದ ತಕ್ಷಣ ಆಶ್‌ಟ್ರೇ ಎಳೆಯುವುದು ಎಂದು ಲೆಕ್ಕ ಹಾಕಿ, ಅವಳಿಗೂ ಸುಳಿವು ಕೊಡದೆ, ಒಬ್ಬರೇ ನಗುತ್ತ ಮೆಟ್ಟಿಲು ಹತ್ತಿದರು.

ಶನಿವಾರ ಬೆಳಿಗ್ಗೆಯೇ ಮಾವ ಪ್ರತ್ಯಕ್ಷರಾದರು. ದೊಡ್ಡ ಮಗಳ ಮನೆಯ ತೂಕದ ಯಂತ್ರ ಸುಳ್ಳು ಹೇಳುತ್ತದೆಂದು ಇವರು, ಯಂತ್ರ ಸರಿಯಾಗಿದೆ, ತೂಕ ಜಾಸ್ತಿಯಾಗಿರುವುದು ನಿಮ್ಮದೇ ಎಂದು ದೊಡ್ಡ ಅಳಿಯ. ಮಾತಿಗೆ ಮಾತು ಬೆಳೆದು, ಇವರು ಪೆಟ್ಟಿಗೆ ಹಿಡಿದು ಹೊರಟು ಬಂದಿದ್ದರು.

“ಕಾರು ತೋರಿಸಿ” ಎಂದರು, ಪೆಟ್ಟಿಗೆ ಕೆಳಗಿಡುವ ಮೊದಲೇ.

ತಪಾಸಣೆ ಶುರುವಾಯಿತು. ಮಾವ ದೀಪಗಳನ್ನು ಕುಟ್ಟಿದರು, ಬಾಗಿಲುಗಳನ್ನು ತೆರೆದು ಮುಚ್ಚಿದರು, ಹಲಗೆಯ ಮೇಲೆ ಬೆರಳಾಡಿಸಿ ತೂತು ಹುಡುಕಿದರು. ಹಿಂದಿನ ಸೀಟಿನ ಹತ್ತಿರ ಟೇಪು ಹೊರಗೆ ಬರುತ್ತಿದ್ದಂತೆ ಅಳಿಯರಾಯರು ಓಡಿ ಹೋಗಿ ಆ ಸೀಟಿನ ಮೇಲೆ ಕೂತುಬಿಟ್ಟರು.

“ಏಳಿ, ಅಳೀಬೇಕು.”

“ಸೊಂಟ ಹಿಡ್ಕೊಂಡಿದೆ ಮಾವ. ಕೂತ್ರೆ ಏಳೋಕಾಗಲ್ಲ.”

“ಮತ್ತೆ ಕೂತಿದ್ದು ಯಾಕೆ?”

“ನಿಲ್ಲೋಕೂ ಆಗಲ್ಲ.”

ಮಾವ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಟೇಪು ಜೇಬಿಗೆ ಹೋಯಿತು. “ಸರಿ. ಚೆನ್ನಾಗಿಟ್ಟಿದ್ದೀರಿ. ಸೋಮವಾರ ಕಾಗದಪತ್ರ ಮಾಡಿಸೋಣ. ಬನ್ನಿ, ಕೊನೇ ಸಲ ನಾನೇ ಒಂದು ಸುತ್ತು ಓಡಿಸ್ತೀನಿ. ಮಗಳೇ, ನೀನೂ ಬಾ.”

ಸೊಂಟ ಹಿಡಿದಿದ್ದವರು ಆ ಮಾತು ಕೇಳಿ ಜಿಂಕೆಯಂತೆ ಹಾರಿ ಮುಂದಿನ ಸೀಟಿಗೆ ಬಂದರು. ಮೇಡಂ ಹಿಂದೆ ಕೂತಳು. ಕೂತವಳ ತಲೆ ಚಾವಣಿಗೆ ತಗುಲಿತು.

“ಇದೇನ್ರೀ, ಸೀಟು ಎತ್ತರ ಆಗಿದೆ?”

“ಬಿಸಿಲಿಗೆ ಉಬ್ಬಿದೆ ಕಣೇ.”

“ಶೆಡ್ಡಲ್ಲಿ ಎಲ್ಲಿಂದ ಬಂತು ಬಿಸಿಲು?”

ಅಷ್ಟರಲ್ಲಿ ಮಾವ ಚೋಕ್ ಗುಂಡಿಯನ್ನು ಎಷ್ಟು ಬರುತ್ತದೋ ಅಷ್ಟೂ ಹೊರಗೆಳೆದು ಎಂಜಿನ್ ಚಾಲೂ ಮಾಡಿದರು. ಸದ್ದಿನ ಗುಂಡಿ ಪೂರ್ತಿ ಏರಿದ್ದನ್ನು ಕಂಡು ಅಳಿಯರಾಯರು ಸೀಟಿನ ಅಂಚು ಹಿಡಿದುಕೊಂಡರು. ಆದರೂ ಧೈರ್ಯ ತಂದುಕೊಂಡರು. ಆಶ್‌ಟ್ರೇ ಮುಚ್ಚಿದೆಯಲ್ಲ. ಸಿಗರೇಟು ಸೇದದ ಮಾವ ಅದನ್ನು ಯಾಕೆ ಮುಟ್ಟುತ್ತಾರೆ?

ಮಾವ ಪೆಪ್ಪರ್‌ಮಿಂಟಿಗಾಗಿ ಮುಟ್ಟುತ್ತಾರೆ. ಆ ಕಾರು ಕೊಂಡ ದಿನದಿಂದ ಅವರು ಪೆಪ್ಪರ್‌ಮಿಂಟುಗಳನ್ನು ಇಡುತ್ತಿದ್ದದ್ದು ಆ ಆಶ್‌ಟ್ರೇಯಲ್ಲಿ. (ಕೆಲಸದ ನಡುವೆ ಅವನ್ನು ಸಾಮ್ರಾಟ ತಿಂದು ಮುಗಿಸಿದ್ದರಿಂದ ಅಳಿಯರಾಯರಿಗೆ ಸುಳಿವೇ ಸಿಕ್ಕಿರಲಿಲ್ಲ.) ದೊಡ್ಡ ರಸ್ತೆಗೆ ಬರುತ್ತಿದ್ದಂತೆ ಎಡಗೈ ಚಾಚಿ ಅದನ್ನು ಎಳೆದೇಬಿಟ್ಟರು.

ಆಕಾಶ ಬಿತ್ತು ಅಂದುಕೊಂಡಳು ಮೇಡಂ. ಅವಳು ಕೂತಿದ್ದದ್ದು ನೇರ ಧಂ ಧಂ ಪೆಟ್ಟಿಗೆಯ ಮೇಲೆ. ಮೊದಲ ಹೊಡೆತಕ್ಕೆ ತಲೆ ಚಾವಣಿಗೆ ಬಡಿಯಿತು, ಎರಡನೆಯದಕ್ಕೆ ಕೈಚೀಲ ಮುಂದಿನ ಸೀಟಿಗೆ ಹಾರಿತು. ಯಾವನೋ ಒಬ್ಬ ಪ್ರೇಮಿ ಚಂದ್ರನನ್ನು ಕೆಳಗಿಳಿದು ಬಾ ಎಂದು ಬೇಡಿಕೊಳ್ಳುತ್ತಿದ್ದ. ಆ ಸದ್ದಿಗೆ ಚಂದ್ರ ಇದ್ದ ಜಾಗವನ್ನೂ ಬಿಟ್ಟು ಓಡಿರಬೇಕು. ಗಾಬರಿಯಲ್ಲಿ ಮಾವ ಇನ್ನೊಮ್ಮೆ ಎಳೆದ ರಭಸಕ್ಕೆ ಆಶ್‌ಟ್ರೇ ಪೂರ್ತಿ ಕಿತ್ತು ಅವರ ಕೈಗೇ ಬಂದಿತ್ತು. ಹಾಡು ಬಂದ್ ಮಾಡಲು ತಳ್ಳಬೇಕು. ತಳ್ಳಲು ಏನೂ ಉಳಿದಿರಲಿಲ್ಲ.

“ಏನ್ರೀ ಇದು!” ಮಾವ ಕೂಗಿದರು.

ಈ ಒಂದು ಕ್ಷಣದಲ್ಲಿ ಅಳಿಯರಾಯರು ನಿಜ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರ ಕಣ್ಣ ಮುಂದೆ ಸೋಮವಾರದ ಕಾಗದಪತ್ರ ಹಾರಿ ಹೋಗುತ್ತಿತ್ತು. ಕೆನೆ ಬಣ್ಣದ ಕಾರು ದೂರ ದೂರ ಸರಿಯುತ್ತಿತ್ತು. ಬಾಯಿ ತಾನಾಗಿ ತೆರೆದುಕೊಂಡಿತು.

“ಏನು ಮಾವ?”

“ಹಾಡು!”

“ಯಾವ ಹಾಡು?”

“ಇದೇ! ಈ ಹಾಡು! ಕಿವಿ ಹರಿದು ಹೋಗೋ ಹಾಗೆ ಬರ್ತಿದೆಯಲ್ಲ!”

“ನಂಗೇನೂ ಕೇಳಿಸ್ತಿಲ್ಲವಲ್ಲ” ಎಂದರು ಅಳಿಯರಾಯರು, ಹಾಡಿಗಿಂತ ಜೋರಾಗಿ ಕೂಗುತ್ತ. ವಯಸ್ಸಾದವರು, ಕಿವಿಯಲ್ಲಿ ಏನೋ ಗುಂಯ್ ಅನ್ನುತ್ತಿದೆ ಎಂದುಕೊಂಡು ಸುಮ್ಮನಾಗಲಿ ಎಂಬುದು ಅವರ ಆಸೆ.

“ನಾನು ಹೇಳೋದು ಕೇಳಿಸ್ತಿದೆಯಾ?”

“ಚೆನ್ನಾಗಿ ಕೇಳಿಸ್ತಿದೆ. ಹಾಡು ಮಾತ್ರ ಇಲ್ಲ.”

ಹೇಳುತ್ತಲೇ ಕೈ ಮೆಲ್ಲಗೆ ಚೋಕ್ ಗುಂಡಿಯ ಕಡೆ ಹೋಯಿತು. ಮಾವ ಫಟ್ಟೆಂದು ಕೈಗೆ ಹೊಡೆದರು. “ಎಂಜಿನ್ ಇನ್ನೂ ಬಿಸಿಯಾಗಿಲ್ಲ, ಮುಟ್ಬೇಡಿ!” ಕೊನೆಗೆ ದಿಕ್ಕು ತೋಚದೆ ಅಳಿಯರಾಯರು ವೈಪರ್ ಗುಂಡಿ ತಿರುಗಿಸಿದರು. ಸುಡುವ ಬಿಸಿಲಿನಲ್ಲಿ ವೈಪರುಗಳು ಒಣ ಗಾಜಿನ ಮೇಲೆ ಕರ್ ಕರ್ ಎಂದು ಆಡತೊಡಗಿದವು. ಪ್ರೇಮಿ ಹೋಗಿ ಒಬ್ಬ ತಾಯಿ ಬಂದು ಅಷ್ಟೇ ಜೋರಾಗಿ ಜೋಗುಳ ಹಾಡಿದಳು. ಆ ಜೋಗುಳಕ್ಕೆ ಮಲಗಿದ್ದ ಮಕ್ಕಳು ಎದ್ದು ಕೂರುವುದು ಖಂಡಿತ.

“ಬಿಸಿಲಲ್ಲಿ ವೈಪರ್ ಯಾಕ್ರೀ?”

“ಧೂಳು ಮಾವ.”

ವೃತ್ತದ ಹತ್ತಿರ ಕೆಂಪು ದೀಪ ಬಿತ್ತು. ಕಾರು ನಿಂತಿತು, ಜೋಗುಳ ನಿಲ್ಲಲಿಲ್ಲ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಮಾವ ಗಾಜು ಇಳಿಸಿ ಟ್ರಾಫಿಕ್ ಪೊಲೀಸನನ್ನು ಕರೆದರು.

“ಏನಪ್ಪಾ, ನಿಂಗೆ ಹಾಡು ಕೇಳಿಸ್ತಿದೆಯಾ?”

“ಸ್ವಾಮಿ, ಪಕ್ಕದ ವೃತ್ತದಲ್ಲಿ ನಿಂತಿರೋನಿಗೂ ಕೇಳಿಸ್ತಿದೆ. ಈಗ ತಾನೇ ಅವನು ಫೋನ್ ಮಾಡಿ ಕೇಳಿದ, ಯಾರ ಮೆರವಣಿಗೆ ಅಂತ.”

ಮಾವ ಅಳಿಯನ ಕಡೆ ತಿರುಗಿದರು. ಅಳಿಯರಾಯರು ಕನ್ನಡಿಯಲ್ಲಿ ಹೆಂಡತಿಯ ಕಡೆ ನೋಡಿ ಕಣ್ಣು ಮಿಟುಕಿಸಿದರು. ನೀನಾದರೂ ಕೇಳಿಸುತ್ತಿಲ್ಲ ಅನ್ನು ಎಂದು ಆ ಕಣ್ಣು ಅಂಗಲಾಚುತ್ತಿತ್ತು. ಮೇಡಂ ಅಷ್ಟು ಹೊತ್ತಿಗೆ ಸೀಟಿನ ಅಂಚಿನಲ್ಲಿ ಬೆರಳಾಡಿಸಿ ಹೊಸ ಹೊಲಿಗೆಯನ್ನು ಕಂಡುಹಿಡಿದಿದ್ದಳು. ಆ ಹೊಲಿಗೆ ಯಾರದೆಂದು ಅವಳಿಗೆ ಗೊತ್ತಿಲ್ಲವೆ? ಅವಳ ಮನೆಯ ಹನ್ನೆರಡು ಪರದೆಗಳಿಗೂ ಅದೇ ಹೊಲಿಗೆ. ಬೆರಳು ಮೂಸಿ ನೋಡಿದಳು, ಟೀ ವಾಸನೆ. ಆ ಕ್ಷಣ ಅವಳ ಮುಖದಲ್ಲಿ ಮೂಡಿದ ಕರುಣೆಯ ಅರ್ಥ ತಿಳಿದಿದ್ದರೆ ಅಳಿಯರಾಯರು ಅಲ್ಲೇ ಕಾರಿನಿಂದ ಇಳಿದು ಓಡುತ್ತಿದ್ದರು.

“ಅಪ್ಪಾ, ನಿಮ್ಮ ಕಿವಿ ಸರಿಯಾಗಿದೆ. ನಂಗೂ ಕೇಳಿಸ್ತಿದೆ. ಇವರಿಗೇ ಏನೋ ಆಗಿದೆ” ಎಂದಳು. “ಸ್ವಲ್ಪ ದಿನದಿಂದ ನೋಡ್ತಿದ್ದೀನಿ. ಹಾಲು ತನ್ನಿ ಅಂದ್ರೆ ಕೇಳಿಸಲ್ಲ. ಪಾತ್ರೆ ಒರೆಸಿ ಅಂದ್ರೆ ಕೇಳಿಸಲ್ಲ. ಈಗ ಹಾಡೂ ಹೋಯ್ತು. ಮೊದಲು ಕಿವಿ ಡಾಕ್ಟ್ರ ಹತ್ರ ನಡೀರಿ.”

“ನಂಗೇನೂ ಆಗಿಲ್ಲ ಕಣೇ!”

“ಹಾಗಾದ್ರೆ ಹಾಡು ಕೇಳಿಸ್ತಿದೆಯಾ?” ಮಾವ ಕೇಳಿದರು.

ಅಳಿಯರಾಯರು ಒಂದು ಸಲ ಸ್ಟೀರಿಂಗ್ ನೋಡಿದರು, ಒಂದು ಸಲ ಮಾವನ ಮುಖ ನೋಡಿದರು. “ಇಲ್ಲ” ಎಂದರು.

ಕಿವಿ ಡಾಕ್ಟರ ಆಸ್ಪತ್ರೆಯಲ್ಲಿ ಗಾಜಿನ ಒಂದು ಕೋಣೆ. ಒಳಗೆ ಕೂತರೆ ಹೊರಗಿನ ಕೂಗೂ ಕೇಳಿಸದು. ಅಳಿಯರಾಯರನ್ನು ಅದರಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, “ಸದ್ದು ಕೇಳಿಸಿದಾಗೆಲ್ಲ ಒತ್ತಿ” ಎಂದು ಹೇಳಿ ಬಾಗಿಲು ಹಾಕಿದರು.

‘ಪೀಂ’ ಎಂದಿತು.

ಅಳಿಯರಾಯರು ಗುಂಡಿ ಒತ್ತಲು ಹೋಗಿ ತಡೆದರು. ಇದು ಮಾತೋ, ಹಾಡೋ? ಮಾತಾದರೆ ಒತ್ತಬೇಕು, ಹಾಡಾದರೆ ಒತ್ತಬಾರದು. ಉದ್ದವಾಗಿ ಎಳೆದಿದೆ, ಸ್ವಲ್ಪ ರಾಗವಿದ್ದ ಹಾಗಿದೆ. ಬೇಡ, ಬಿಟ್ಟುಬಿಡೋಣ. ‘ಟಿಕ್’ ಎಂದಿತು. ಇದರಲ್ಲಿ ರಾಗವಿಲ್ಲ, ಇದು ಮಾತಿನ ಜಾತಿ. ಒತ್ತಿದರು. ‘ಕುಂಯ್’ ಎಂದಿತು. ಇದು ಎರಡರ ನಡುವಿನದು. ಅರ್ಧ ಒತ್ತಿದರು. ಹೀಗೆ ಬೆವರು ಒರೆಸಿಕೊಳ್ಳುತ್ತ ಜೀವಮಾನದಲ್ಲಿ ಮಾಡದಷ್ಟು ಸಂಗೀತ ವಿಮರ್ಶೆಯನ್ನು ಆ ಕೋಣೆಯಲ್ಲಿ ಮಾಡಿದರು.

ನಡುವೆ ತಲೆಯೆತ್ತಿ ಗಾಜಿನಾಚೆ ನೋಡಿದರು. ಮೇಡಂ ಕೈ ಆಡಿಸುತ್ತ ಮಾವನಿಗೂ ಡಾಕ್ಟರಿಗೂ ಏನೋ ಹೇಳುತ್ತಿದ್ದಳು. ಸೂಜಿಯಲ್ಲಿ ಹೊಲಿಯುವ ಹಾಗೆ ಒಮ್ಮೆ, ಏನನ್ನೋ ಎಳೆಯುವ ಹಾಗೆ ಒಮ್ಮೆ ಕೈ ಮಾಡಿದಳು. ಮಾವ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಅವರ ಹೆಗಲು ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಎಷ್ಟು ಒಳ್ಳೆಯ ಮನುಷ್ಯ, ನನಗಾಗಿ ಅಳುತ್ತಿದ್ದಾರೆ ಎಂದು ಅಳಿಯರಾಯರು ಗಾಜಿನ ಒಳಗಿನಿಂದಲೇ ಕೈ ಮುಗಿದರು. ಮಾವ ನಗುವುದನ್ನು ಅವರು ಜೀವಮಾನದಲ್ಲಿ ನೋಡಿರಲಿಲ್ಲ, ಹಾಗಾಗಿ ಗುರುತು ಸಿಗಲಿಲ್ಲ.

ಡಾಕ್ಟರು ಮುಖ ಗಂಭೀರ ಮಾಡಿಕೊಂಡು ಬಾಗಿಲು ತೆರೆದರು. (ಈ ಡಾಕ್ಟರೂ ಕಾರು ಕಲಿತದ್ದು ಮೇಡಂ ಹತ್ತಿರವೇ. ಅವಳ ಮಾತಿಗೆ ಎದುರಾಡುವ ಧೈರ್ಯ ಅವರಿಗೆ ಈಗಲೂ ಬಂದಿಲ್ಲ.)

“ಇದಕ್ಕೆ ಗಾನಬಧಿರತೆ ಅಂತಾರೆ. ಬಹಳ ಅಪರೂಪ. ಮಾತೆಲ್ಲ ಕೇಳಿಸುತ್ತೆ, ಹಾಡು ಮಾತ್ರ ಕೇಳಿಸಲ್ಲ.”

“ಅದೇ ನಾನು ಹೇಳಿದ್ದು!” ಎಂದರು ಅಳಿಯರಾಯರು. ತಮ್ಮ ಸುಳ್ಳಿಗೆ ಇಷ್ಟು ದೊಡ್ಡ ಹೆಸರು ಸಿಕ್ಕಿದ್ದಕ್ಕೆ ಅವರ ಮುಖ ಅರಳಿತ್ತು. “ಅದರಿಂದ ತೊಂದರೆ ಏನಿಲ್ಲವಲ್ಲ ಡಾಕ್ಟ್ರೇ?”

“ಏನೂ ಇಲ್ಲ. ಊಟ, ನಿದ್ದೆ, ಅಂಗಡಿ ಎಲ್ಲ ಮಾಮೂಲು.” ಡಾಕ್ಟರು ಕನ್ನಡಕ ಒರೆಸಿದರು. “ಕಾರು ಓಡಿಸೋ ಹಾಗಿಲ್ಲ, ಅಷ್ಟೇ.”

“ಯಾಕೆ?”

“ಹಾರ್ನು. ಹಾರ್ನ್ ಮಾತಲ್ಲವಲ್ಲ. ಹಾಡಿನ ಕಡೆಗೇ ಹತ್ತಿರ. ನಿಮಗೆ ಕೇಳಿಸೋ ಸಾಧ್ಯತೆ ಇಲ್ಲ.”

“ಕೇಳಿಸುತ್ತೆ ಡಾಕ್ಟ್ರೇ! ಹಾರ್ನ್ ಚೆನ್ನಾಗಿ ಕೇಳಿಸುತ್ತೆ!”

“ಈಗಿನ ಹಾರ್ನ್‌ಗಳಲ್ಲಿ ಅರ್ಧಕ್ಕರ್ಧ ಹಾಡೇ ಇರುತ್ತೆ. ಹಾಗಾದ್ರೆ ಹಾಡು ಕೇಳಿಸುತ್ತಾ?”

ಅಳಿಯರಾಯರು ಬಾಯಿ ತೆರೆದರು. ಹೌದು ಅಂದರೆ ಮಾವನೆದುರು ಸುಳ್ಳುಗಾರ, ಇಲ್ಲ ಅಂದರೆ ಕಾರು ಇಲ್ಲ. ಕೈಯಲ್ಲೇ ಉಳಿದಿದ್ದ ಪರೀಕ್ಷೆಯ ಗುಂಡಿಯನ್ನು ಮತ್ತೆ ಅರ್ಧ ಒತ್ತಿದರು. ಮಾವ ಜೇಬಿನಿಂದ ಕೀ ತೆಗೆದು, ಒಮ್ಮೆ ಅಂಗೈಯಲ್ಲಿ ತೂಗಿ ನೋಡಿ, ಮಗಳ ಕೈಗೆ ಹಾಕಿದರು. “ಕಲಿಯೋರ ಕೈಗೆ ಕೊಡಲ್ಲ ಅಂತ ಮಾತು ಕೊಡು” ಎಂದರು. ಅವಳು ಕೊಟ್ಟಳು. ಸೋಮವಾರ ಕಾಗದಪತ್ರ ಅವಳ ಹೆಸರಿಗಾಯಿತು.

ಅದೇ ವಾರ ಸದ್ದು ಸಾಮ್ರಾಟ ಮನೆಗೇ ಬಂದು, ಮೇಡಂ ಹೇಳಿದಂತೆ ಆಶ್‌ಟ್ರೇ ಸರಿಮಾಡಿ, ಪೆಪ್ಪರ್‌ಮಿಂಟಿಗೆ ಬೇರೆ ಡಬ್ಬಿ ಇಟ್ಟು ಹೋದ. ಅಳಿಯರಾಯರು ಅವನ ಮುಖ ಕಂಡೇ ಇಲ್ಲವೆಂಬಂತೆ ಮಹಡಿಯ ಕಿಟಕಿಯಲ್ಲಿ ನಿಂತು ಮೋಡ ನೋಡಿದರು. ಅವನು ಕೆಳಗಿನಿಂದ “ನಮಸ್ಕಾರ ಸಾರ್! ಸೌಂಡ್ ಹೇಗಿದೆ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅಳಿಯರಾಯರು ಪರದೆ ಎಳೆದುಕೊಂಡರು.

ಭಾನುವಾರ ಬಂತು. ಮೇಡಂ ಸ್ಟೀರಿಂಗ್ ಹಿಡಿದಳು, ಮಾವ ಪಕ್ಕದಲ್ಲಿ. ಅಳಿಯರಾಯರು ಹಿಂದೆ, ತಾವೇ ಹೊಲಿದ ಸೀಟಿನ ಮೇಲೆ, ತಲೆ ಬಗ್ಗಿಸಿಕೊಂಡು. ಊರು ದಾಟುತ್ತಿದ್ದಂತೆ ಮಾವ ಕೇಳಿದರು.

“ಹಾಡು ಹಾಕೋಣ್ವಾ ಮಗಳೇ? ಇವರಿಗೆ ಬೇಜಾರಾಗುತ್ತೇನೋ.”

“ಅವರಿಗೆಲ್ಲಿ ಕೇಳಿಸುತ್ತಪ್ಪಾ, ಪಾಪ. ಹಾಕಿ.”

ಆಶ್‌ಟ್ರೇ ಹೊರಬಂತು. ಅಳಿಯರಾಯರು ಸಾಮ್ರಾಟನಿಗೆ ಬಾಯಿಬಿಟ್ಟು ಹೇಳಿ, ಎಲ್ಲಕ್ಕಿಂತ ಮೊದಲು ಹಾಕಿಸಿದ್ದ ಚಂದ್ರನ ಹಾಡೇ ಬಂತು. ಮದುವೆಗೆ ಮುಂಚೆ ಇದೇ ಮೇಡಂಗಾಗಿ ಬಚ್ಚಲುಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಹಾಡು. ಸೀಟಿನ ಕೆಳಗೆ ಧಂ ಎಂದಿತು, ಅವರ ದೇಹ ಮೇಲೆ ಹೋಗಿ ಕೆಳಗೆ ಬಂತು. ಎಂಥ ಸದ್ದು! ಎಂಥ ಸೊಗಸು! ಕಾಲು ತಾಳ ಹಾಕಲು ಎದ್ದಿತು. ಅದನ್ನು ಇನ್ನೊಂದು ಕಾಲಿನಿಂದ ತುಳಿದು ಹಿಡಿದರು. ತಲೆ ಆಡಲು ಹೊರಟಿತು. ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಏನ್ರೀ, ಕುಣೀತಿದ್ದೀರಾ?” ಮೇಡಂ ಕನ್ನಡಿಯಲ್ಲಿ ನೋಡಿ ಕೇಳಿದಳು.

“ರಸ್ತೆ ಸರಿಯಿಲ್ಲ.”

“ಹೊಸ ರಸ್ತೆ ರೀ ಇದು. ಗಾಜಿನ ಹಾಗಿದೆ.”

ನೋಡಿ ಈ ಮನುಷ್ಯನ ಹಣೆಬರಹವನ್ನು. ಹೆಂಡತಿಯ ಮಾತು ಕೇಳಿಸಬಾರದು, ಹಾಡು ಕೇಳಿಸಬೇಕು ಎಂದು ಇಷ್ಟೆಲ್ಲ ಮಾಡಿದ್ದು. ಈಗ ಅವಳ ಒಂದೊಂದು ಮಾತಿಗೂ ಉತ್ತರ ಕೊಡಬೇಕು, ಹಾಡಿಗೆ ಮಾತ್ರ ಕಲ್ಲಿನಂತೆ ಕೂರಬೇಕು. ಅಳಿಯರಾಯರಿಗೆ ನಿಜವಾಗಿಯೂ ಅಳು ಬಂತು.

ಹಾಡು ಮುಗಿದಾಗ ಮಾವ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. “ಎಷ್ಟೋ ವರ್ಷದಿಂದ ನಂಗೂ ಈ ಕಾರಲ್ಲಿ ಹಾಡು ಕೇಳೋ ಆಸೆ ಇತ್ತು ಮಗಳೇ. ಎಲ್ಲಿ ಮೈಯೆಲ್ಲ ತೂತು ಕೊರೀತಾರೋ ಅಂತ ಹೆದರಿ ಸುಮ್ಮನಿದ್ದೆ. ಒಂದು ತೂತಿಲ್ಲದೆ ಇದನ್ನ ಹಾಕಿಸಿದ ಮಹಾನುಭಾವ ಯಾರೋ! ಆ ಸೀಟಿನ ಹೊಲಿಗೆ ಬೇರೆ! ಅಂಥವನು ಎದುರಿಗೆ ಬಂದು ನಾನೇ ಹಾಕಿಸಿದ್ದು ಅಂತ ಒಂದು ಮಾತು ಹೇಳಿದ್ದಿದ್ರೆ, ಅಲ್ಲೇ ಕೀ ಕೊಟ್ಬಿಡ್ತಿದ್ದೆ.”

ಹಿಂದಿನ ಸೀಟಿನಲ್ಲಿ ಕಟ್ಟೆ ಒಡೆಯಿತು.

“ಮಾವ! ನಾನೇ ಮಾವ! ನಾನೇ ಹಾಕಿಸಿದ್ದು! ಹೊಲಿಗೆಯೂ ನಂದೇ, ಟೀಯಲ್ಲಿ ಅದ್ದಿದ್ದೂ ನಾನೇ! ನಂಗೆ ಕಿವಿ ಚೆನ್ನಾಗಿದೆ. ಹಾಡೆಲ್ಲ ಕೇಳಿಸ್ತಿದೆ. ಈಗ ಶುರುವಾಗಿದ್ಯಲ್ಲ, ಈ ಎರಡನೇ ಹಾಡು, ಇದೂ ಕೇಳಿಸ್ತಿದೆ!”

ಕಾರಿನಲ್ಲಿ ಎರಡನೆಯ ಹಾಡು ಧಂ ಧಂ ಎಂದು ಬಡಿಯುತ್ತಿತ್ತು. ಮಾವ ನಿಧಾನವಾಗಿ ಹಿಂದೆ ತಿರುಗಿದರು.

“ಯಾವ ಹಾಡು ಅಳಿಯಂದಿರೇ?”

“ಇದೇ ಮಾವ! ಈ ಹಾಡು!”

ಮಾವ ಮಗಳ ಕಡೆ ಬಾಗಿ, ಹಾಡಿಗಿಂತ ಜೋರಾಗಿ ಕೂಗಿ ಹೇಳಿದರು. “ಪಾಪ, ಹೀಗಾಗುತ್ತೆ ಅಂತ ಡಾಕ್ಟ್ರು ನಂಗೆ ಗುಟ್ಟಾಗಿ ಹೇಳಿದ್ರಮ್ಮ. ರೋಗ ಏರಿದ್ರೆ ಇಲ್ಲದ ಹಾಡೆಲ್ಲ ಕೇಳಿಸೋಕೆ ಶುರುವಾಗುತ್ತಂತೆ. ಗಾಡಿ ತಿರುಗಿಸು.”

“ಇಲ್ಲದ ಹಾಡಲ್ಲ! ಲೇ, ನೀನಾದ್ರೂ ಹೇಳೇ! ನಿಂಗೆ ಕೇಳಿಸ್ತಿಲ್ವಾ?”

“ನೀವು ಗಾಬರಿ ಮಾಡ್ಕೋಬೇಡಿ ರೀ. ಆಸ್ಪತ್ರೆ ಹತ್ತಿರವೇ ಇದೆ” ಎಂದಳು ಮೇಡಂ, ಚೋಕ್ ಗುಂಡಿಯನ್ನು ಇನ್ನಷ್ಟು ಹೊರಗೆಳೆಯುತ್ತ. ಆಮೇಲೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಎರಡೂ ಕಡೆ ವಾಹನ ಇಲ್ಲವೆಂದು ಖಚಿತ ಮಾಡಿಕೊಂಡು, ಪಾಠದಲ್ಲಿ ಹೇಳಿಕೊಡುವ ಕ್ರಮದಲ್ಲಿಯೇ ಗಾಡಿಯನ್ನು ಊರಿನ ಕಡೆ ತಿರುಗಿಸಿದಳು.